ತೊಗರಿ ಹೊಲದ ಹಡಗು

ನಮ್ಮ ಕಡೆ ಸಮುದ್ರ ನೋಡಿದವರು ಕಡಿಮೆ. ನಾನೂ ನೋಡಿಲ್ಲ. ಆದರೂ ಹಡಗಿನ ಮೇಲೆ ಎರಡು ತಿಂಗಳು ದುಡಿದಿದ್ದೇನೆ. ಆ ಹಡಗು ನಿಂತದ್ದು ಜೇವರ್ಗಿ ತಾಲೂಕಿನ ನೆಲೋಗಿಯ ಆಚೆ, ತೊಗರಿ ಹೊಲಗಳ ನಡುವೆ. ನಮ್ಮ ಹೊಲದಿಂದ ಒಂದು ಹಳ್ಳ ದಾಟಿದರೆ ಸಿಗುವ ಕಲ್ಲು ನೆಲದಲ್ಲಿ.

ಪೂರ್ತಿ ಹಡಗಲ್ಲ. ಡ್ರೋನ್ ಮಾಡುವ ಒಂದು ಕಂಪನಿಯವರು ಯಾವುದೋ ಬಂದರಿನಲ್ಲಿ ಹಳೆಯ ಸರಕು ಹಡಗೊಂದನ್ನು ಒಡೆದು, ಅದರ ಮೇಲಿನ ಅಂಗಳದಂಥ ಕಬ್ಬಿಣದ ಹಾಸನ್ನು ತುಂಡು ಮಾಡಿ ಟ್ರೇಲರುಗಳಲ್ಲಿ ತಂದಿದ್ದರು. ಕಂಬಗಳ ಮೇಲೆ ಅದನ್ನು ಮತ್ತೆ ಜೋಡಿಸಿ, ಮೇಲೆ ಕಂಟೇನರುಗಳನ್ನು ಸಾಲಾಗಿ ಇಟ್ಟರು. ಮಳೆ ಹನಿದ ದಿನ ಆ ಕಬ್ಬಿಣದಿಂದ ನಮಗೆ ಗುರುತಿಲ್ಲದ ಒಂದು ವಾಸನೆ ಏಳುತ್ತಿತ್ತು. ಎತ್ತುಗಳು ಆ ಕಡೆ ಮುಖ ಮಾಡಿ ಮೇಯುತ್ತಿರಲಿಲ್ಲ.

ಜೋಡಿಸುವ ಕೆಲಸ ನನಗೆ ಸಿಕ್ಕಿತು. ನಾನು ವೆಲ್ಡರ್. ಮೊದಲು ಭೂಸನೂರದಲ್ಲಿ, ಆಮೇಲೆ ಹವಳಗಾದಲ್ಲಿ ಸಕ್ಕರೆ ಫ್ಯಾಕ್ಟರಿಯ ದುರಸ್ತಿ ಕೆಲಸ ಮಾಡಿದವ. ಒಬ್ಬರ ಕೈಕೆಳಗೆ ಬಹಳ ದಿನ ಬಾಯಿ ಮುಚ್ಚಿಕೊಂಡು ಇರುವುದು ನನ್ನಿಂದ ಆಗುವುದಿಲ್ಲ. ಅದಕ್ಕೆ ಈಗ ಜೇವರ್ಗಿಯಲ್ಲಿ ಸ್ವಂತ ಅಂಗಡಿ.

ಕಂಪನಿಯ ಎಂಜಿನಿಯರ್ ಮೃಣಾಲಿನಿ ಕಲಬುರಗಿಯವರು. ಮೊದಲ ದಿನವೇ ನಾನು ನೇರವಾಗಿ ಕೇಳಿದೆ.

"ಮೇಡಂ, ನೀರಿಲ್ಲದ ಕಡೆ ಹಡಗ ಯಾಕ ತಂದೀರಿ?"

"ನೀರಿನ್ಯಾಗ ಇಳಿಸೋದಕ್ಕಿಂತ ಮೊದ್ಲ ಇಲ್ಲಿ ನೋಡಬೇಕಲ್ರಿ. ಹೊಸಾ ಯುದ್ಧದ ಹಡಗ ಕಟ್ಟಾಕ ವರ್ಷಗಟ್ಟಲೆ ಬೇಕು. ಸಕ್ಕರಿ, ಗೋದಿ ಹೊರೋ ಹಡಗು ಎಲ್ಲಾ ಬಂದರಿನ್ಯಾಗೂ ಬಿದ್ದಾವ. ಅದರ ಮ್ಯಾಲೆ ಇಂಥಾ ಕಂಟೇನರ್ ಇಟ್ಟು, ಒಳಗ ಡ್ರೋನ್ ತುಂಬಿದ್ರ ಅದ ಯುದ್ಧದ ಹಡಗ. ದೂರದಿಂದ ನೋಡಿದವಂಗ ಸರಕಿನ ಹಡಗ."

"ಹತ್ರ ಬಂದ ಮ್ಯಾಲೆ?"

"ಹತ್ರ ಬಂದ ಮ್ಯಾಲೆ ಅವಗ ಏನೂ ಮಾಡಾಕ ಬರಂಗಿಲ್ಲ."

"ಅಂದ್ರ ಮೋಸ ಅನ್ರಿ."

ಅವರು ನಕ್ಕರು. "ಸಣ್ಣವ ದೊಡ್ಡವನ ಜೋಡಿ ಹೊಡದಾಡಬೇಕಂದ್ರ ಹಿಂಗ ಹೊಡದಾಡಬೇಕ್ರಿ. ನಾಳೆ ನಮ್ಮ ಮ್ಯಾಲೆ ಯಾರರ ಇದನ್ನ ಮಾಡ್ತಾರ. ನಾವು ಮೊದ್ಲ ಕಲೀಬೇಕು."

ಕಂಟೇನರಿನ ಮುಚ್ಚಳ ತಾನಾಗಿ ತೆರೆಯುವಂತೆ ತಿರುಗಣಿ ಕೂರಿಸಿದವನು ನಾನು. ಅದು ಸದ್ದು ಮಾಡಬಾರದು ಅಂದಿದ್ದರು. ಮಾಡಲಿಲ್ಲ. ಅಷ್ಟು ದೊಡ್ಡ ಕಬ್ಬಿಣದ ಹಲಗೆ ಸದ್ದಿಲ್ಲದೆ ಬಾಯಿ ತೆರೆಯುವುದನ್ನು ಮೊದಲ ಸಲ ನೋಡಿದಾಗ, ಮಾಡಿದವನು ನಾನೇ ಆಗಿದ್ದರೂ, ಎರಡು ಹೆಜ್ಜೆ ಹಿಂದೆ ಸರಿದೆ.

ನನ್ನ ತಮ್ಮ ಗುರಣ್ಣನಿಗೂ ಅಲ್ಲೇ ಕೆಲಸ ಕೊಡಿಸಿದೆ. ಅವನ ಕೆಲಸ ಕೇಳಿದರೆ ನಗು ಬರುತ್ತದೆ: ನಡೆಯುವುದು. ಸಮುದ್ರದಲ್ಲಿ ಹಡಗು ನಿಂತಲ್ಲಿ ನಿಲ್ಲುವುದಿಲ್ಲ. ಹಾರಿಹೋದ ಡ್ರೋನು ಮರಳುವ ಹೊತ್ತಿಗೆ ಅದರ ಮನೆಯೇ ಮುಂದೆ ಹೋಗಿರುತ್ತದೆ. ನಡೆಯುವ ಮನೆಯನ್ನು ಹುಡುಕಿ ಬರುವುದನ್ನು ಅವಕ್ಕೆ ಕಲಿಸಬೇಕು. ಅದಕ್ಕೆ ಗುರಣ್ಣನಿಗೆ ಕಿತ್ತಳೆ ಬಣ್ಣದ ದಪ್ಪ ಜಾಕೀಟು ಕೊಟ್ಟಿದ್ದರು. ಅದರ ಬೆನ್ನಿಗೆ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ ಹೊಲಿದಿತ್ತು. ಆ ಡಬ್ಬಿ ಎಲ್ಲಿದೆಯೋ ಅದೇ ಅವುಗಳ ಮನೆ. ದಿನವಿಡೀ ಅವನು ಕಲ್ಲು ನೆಲದ ಮೇಲೆ ಸುಮ್ಮನೆ ಅಡ್ಡಾಡುತ್ತಿದ್ದ. ಡ್ರೋನುಗಳು ಅವನ ಬೆನ್ನ ಹಿಂದೆ ಆಳೆತ್ತರದಲ್ಲಿ ಸಾಲು ಹಿಡಿದು ಬರುತ್ತಿದ್ದವು. ಅವನು ನಿಂತರೆ ಸುತ್ತಲೂ ಮೆಲ್ಲಗೆ ಇಳಿದು ಕೂಡುತ್ತಿದ್ದವು.

"ನಾನ ಹಡಗ ಆಗೀನಿ, ಅಣ್ಣ," ಅನ್ನುತ್ತಿದ್ದ. "ಕೋಳಿ ಮರಿ ಹಂಗ ಬರ್ತಾವ ನೋಡು."

"ಕೋಳಿ ಮರಿ ಚೀ ಅಂತಾವಲೇ. ಇವು ಬಾಯೇ ಬಿಡಂಗಿಲ್ಲ."

"ಅವುಗಳ ಪಾಲಿಂದೂ ಸೇರಿಸಿ ನೀ ಒದರತೀಯಲ್ಲ, ಸಾಕು ಬಿಡು."

ಎಳ್ಳಮಾವಾಸ್ಯೆಯ ಹಿಂದಿನ ದಿನ ಪಾಠ ಬದಲಾಯಿತು. ಮನೆಗೆ ಬರುವುದನ್ನು ಕಲಿತಾಯಿತು, ಇನ್ನು ಗುರಿಯ ಮೇಲೆ ಬೀಳುವುದನ್ನು ಕಲಿಯಬೇಕು. ಅಂಥ ಡಬ್ಬಿ ಎಲ್ಲಿದ್ದರೂ ಅದು ಈಗ ಶತ್ರುವಿನ ಹಡಗು. ನಾನು ಮಾಡಿಕೊಟ್ಟ ಕಬ್ಬಿಣದ ಮೂತಿಗಳಲ್ಲಿ ಮದ್ದಿನ ಬದಲು ಮರಳು ತುಂಬಿ ಎಲ್ಲ ಡ್ರೋನುಗಳಿಗೂ ಕಟ್ಟಿದರು. ಒಂದು ಡಬ್ಬಿಯನ್ನು ಟ್ರಾಲಿಗೆ ಕಟ್ಟಿ, ದೂರದಿಂದ ಉದ್ದನೆಯ ಹಗ್ಗದಲ್ಲಿ ಎಳೆದರು. ಐದಾರು ಡ್ರೋನುಗಳು ಅದರ ಬೆನ್ನು ಹಿಡಿದು ಹೋದವು. ಹೋದವು, ಹೋದವು, ಏನೂ ಮಾಡಲಿಲ್ಲ. ಟ್ರಾಲಿ ನಿಂತಿತು. ಎಲ್ಲವೂ ಒಮ್ಮೆಗೇ ಮೇಲೆದ್ದು, ಮೂತಿ ಕೆಳಗೆ ಮಾಡಿ, ಒಂದರ ಹಿಂದೆ ಒಂದು ಬಿದ್ದವು. ಟ್ರಾಲಿಯ ತಗಡು ಹರಿದು ಚಿಂದಿಯಾಯಿತು.

"ನಡಿಯೋದಕ್ಕ ಹೊಡದ್ರ ಗುರಿ ತಪ್ತದ," ಎಂದರು ಮೃಣಾಲಿನಿ. "ಅದಕ್ಕ ನಿಲ್ಲೋತನಕ ಕಾಯ್ತಾವ. ನಿಂತ್ರ ಮುಗೀತು."

"ಗುಂಡಿ ಒತ್ತೋರು ಯಾರ್ರಿ?"

"ಯಾರೂ ಬೇಕಾಗಿಲ್ಲ. ಡಬ್ಬಿ ಹತ್ರ ಬಂತಂದ್ರ ಮುಚ್ಚಳ ತಾನ ತೆರೀತದ."

"ಅಲ್ರಿ, ಸಮುದ್ರದಾಗ ಮೀನ ಹಿಡಿಯೋರು ನಿಂತಿರ್ತಾರಲ್ಲ. ಅವರ ಮ್ಯಾಲೆ ಬಿದ್ರ?"

ಅವರು ನನ್ನ ಮುಖ ನೋಡಿದರು, ಆಮೇಲೆ ಟ್ರಾಲಿ ನೋಡಿದರು. ನಾಳೆ ರಜೆ, ಜಾಕೀಟುಗಳನ್ನೆಲ್ಲ ತಿರುಗಿ ಕೊಟ್ಟು ಹೋಗಿರಿ ಎಂದು ಎಲ್ಲರಿಗೂ ಹೇಳಿದರು.

ಗುರಣ್ಣನ ಹತ್ತಿರ ಅಂಥ ಎರಡು ಜಾಕೀಟು ಇದ್ದವು, ಎರಡಕ್ಕೂ ಡಬ್ಬಿ. ಒಂದು ಕೊಟ್ಟ. ಒಂದು ಮನೆಯಲ್ಲಿತ್ತು, ಅದನ್ನು ಉಳಿಸಿಕೊಂಡ. ಇದು ನನಗೆ ಗೊತ್ತಿರಲಿಲ್ಲ.

ಎಳ್ಳಮಾವಾಸ್ಯೆಗೆ ನಮ್ಮ ಮನೆಯಲ್ಲಿ ಚರಗ ಚೆಲ್ಲುತ್ತಾರೆ. ಸಜ್ಜೆ ರೊಟ್ಟಿ, ಕಾಳು ಸೊಪ್ಪಿನ ಭಜ್ಜಿ, ಕಡುಬು ಕಲಸಿ ಬುಟ್ಟಿಯಲ್ಲಿ ಹೊತ್ತು, ಹೊಲದ ಸುತ್ತ ನಡೆಯುತ್ತ ಭೂಮಿಗೆ ಉಣ್ಣಿಸುವುದು. ಮುಂದೆ ನಡೆಯುವವನು "ಹುಲ್ಲುಲ್ಲಿಗೋ" ಎಂದು ಕೂಗಿ ತುತ್ತು ಚೆಲ್ಲುತ್ತಾನೆ. ಹಿಂದೆ ತಂಬಿಗೆ ಹಿಡಿದವರು "ಚಲ್ಲಂಬ್ರಿಗೋ" ಎನ್ನುತ್ತ ಅದರ ಮೇಲೆ ನೀರು ಹಾಕುತ್ತಾರೆ. ಮೂಲೆ ಬಂದಾಗ ನಿಂತು ಐದು ತುತ್ತು. ಚೆಲ್ಲುವವನು ಹೆಗಲ ಮೇಲೆ ಒಂದು ಹೊದಿಕೆ ಹೊದ್ದಿರಬೇಕು. ಸುತ್ತು ಮುಗಿದು ಬನ್ನಿ ಗಿಡದ ಕೆಳಗೆ ಪೂಜೆಗಿಟ್ಟ ಐದು ಕಲ್ಲುಗಳ ಹತ್ತಿರ ಬಂದಾಗ, ಅಡಿಗೆ ಮಾಡಿದವಳು "ಹೊಟ್ಟಿ ತುಂಬೇದ, ಹೊದಿಕಿ ಹಾಕು" ಅನ್ನುತ್ತಾಳೆ. ಅವನು ಹೊದಿಕೆ ತೆಗೆದು ಭೂಮಿಗೆ ಹೊದಿಸುತ್ತಾನೆ. ಒಮ್ಮೆ, ಅಪ್ಪ ಇದ್ದಾಗ, ಅರ್ಧ ಸುತ್ತಿನಲ್ಲಿ ಆಲಿಕಲ್ಲು ಬಿತ್ತು. ಅವ್ವ ಕಲ್ಲುಗಳ ಹತ್ತಿರದಿಂದಲೇ ಆ ಮಾತು ಕೂಗಿದಳು. ಅಪ್ಪ ಕಂಬಳಿಯನ್ನು ಇದ್ದಲ್ಲೇ ಬಿಟ್ಟು, ನಿಲ್ಲದೆ ನಡೆದು ಬಂದ. ಆ ವರ್ಷವೆಲ್ಲ ಅವ್ವ ಉಣ್ಣದೆ ಉಳಿದ ಆ ಅರ್ಧ ಹೊಲದ ಕಾಳು ತಿನ್ನಲಿಲ್ಲ.

ಇನ್ನೊಂದು ಕಟ್ಟಳೆ ಇದೆ. ಚರಗ ಚೆಲ್ಲುವಾಗ ಬೆನ್ನ ಹಿಂದಿನಿಂದ ಯಾರು ಕರೆದರೂ ಓಗೊಡಬಾರದು, ತಿರುಗಿ ನೋಡಬಾರದು. ಹಸಿದದ್ದು ಹಿಂದೆ ಬರುತ್ತಿರುತ್ತದಂತೆ. ಮನೆಯವರ ದನಿಯಲ್ಲೇ ಕರೆಯುತ್ತದಂತೆ.

ನಾನು ಇದನ್ನೆಲ್ಲ ಬಿಟ್ಟು ಬಹಳ ವರ್ಷವಾಯಿತು. ಗೋಡೆಯ ಮೇಲೆ ಬುದ್ಧನ ಫೋಟೊ, ಬಾಬಾಸಾಹೇಬರ ಫೋಟೊ. ಕೆಳಗೆ ಕೂತು ಅವ್ವ ಭೂಮಿಗೆ ಕಡುಬು ಕಟ್ಟುತ್ತಾಳೆ. ಪ್ರತಿ ವರ್ಷ ಜಗಳ.

"ಮಣ್ಣಿಗೆ ಹೊಟ್ಟಿ ಅದ ಏನಬೇ?" ಎಂದೆ ಆ ದಿನವೂ.

"ನಿನಗ ಅದ ಇಲ್ಲ? ಮತ್ತ ಅದನ್ನ ತುಂಬಿಸ್ದಾಕಿ ಯಾರು?" ಎಂದಳು ಅವ್ವ. ನಮ್ಮ ಅವ್ವ ಮರೆಮ್ಮನ ಬಾಯಿಯೇ ನನಗೆ ಬಂದಿದೆ ಎಂದು ಊರವರು ಹೇಳುತ್ತಾರೆ.

ನಾನು ಊಟಕ್ಕೆಂದು ಹೊಲಕ್ಕೆ ಬರುವಷ್ಟರಲ್ಲಿ ಗುರಣ್ಣ ಸುತ್ತು ಶುರು ಮಾಡಿದ್ದ. ಅವ್ವ ಬನ್ನಿ ಗಿಡದ ಕೆಳಗೆ ಕಲ್ಲುಗಳ ಹತ್ತಿರ ಕೂತಿದ್ದಳು. ಸೊಂಟದೆತ್ತರದ ಜೋಳ. ಒಳ್ಳೆಯ ಬಿಸಿಲು. ಎರಡನೆಯ ಮೂಲೆ ದಾಟಿ ಹಳ್ಳದ ಬದುವಿನ ಮೇಲೆ ನಡೆಯುತ್ತಿದ್ದ. ಹಿಂದೆ ಅವನ ಹೆಂಡತಿ ಸಾಬವ್ವ ತಂಬಿಗೆ ಹಿಡಿದಿದ್ದಳು. ಅವನ ಮೈಮೇಲೆ ಕಂಬಳಿ ಇರಲಿಲ್ಲ. ಕಿತ್ತಳೆ ಜಾಕೀಟು ಇತ್ತು.

"ಅದನ್ಯಾಕ ಹಾಕ್ಕೊಂಡಾನಬೇ ಅವ?"

"ಕಂಬಳಿ ಇಲಿ ಕಡದಾವ. ಇದು ಹೊಸಾದು, ಬೆಚ್ಚಗ ಅದ ಅಂದ. ಭೂಮಿತಾಯಿಗೆ ಹರಕ ಹೊದಿಸ್ಲೇನು?"

ನಾನು ಹಳ್ಳದ ಆಚೆ ನೋಡಿದೆ. ಹಡಗಿನ ಮೇಲೆ ಯಾರೂ ಇರಲಿಲ್ಲ. ರಜೆ. ಆದರೆ ಮುಚ್ಚಳಗಳು ತೆರೆದಿದ್ದವು. ಎಲ್ಲವೂ.

ಡ್ರೋನುಗಳು ಹಳ್ಳ ದಾಟಿ ಬರುತ್ತಿದ್ದವು. ಜೋಳದ ಗರಿ ಅಲುಗದಂತೆ, ಒಂದರ ಹಿಂದೆ ಒಂದು. ಹತ್ತೋ ಹನ್ನೆರಡೋ ಇರಬೇಕು. ಸಾಬವ್ವನ ಹಿಂದೆ ಬಂದು ಸಾಲು ಹಿಡಿದವು. ಮುಂದೆ ತಮ್ಮ, ಅವನ ಹಿಂದೆ ಹೆಂಡತಿ, ಅವಳ ಹಿಂದೆ ಅವು. ಗುರಣ್ಣ "ಹುಲ್ಲುಲ್ಲಿಗೋ" ಅಂದ. ಸಾಬವ್ವ "ಚಲ್ಲಂಬ್ರಿಗೋ" ಅಂದು ನೀರು ಹಾಕಿದಳು. ಇಬ್ಬರೂ ತಿರುಗಲಿಲ್ಲ. ನೀರು ಬಿದ್ದ ಜಾಗದ ಮೇಲೆ ಪ್ರತಿಯೊಂದೂ ಒಂದು ಗಳಿಗೆ ತಗ್ಗಿ, ಮೂಸಿದಂತೆ ಮಾಡಿ, ಮುಂದೆ ಸರಿಯುತ್ತಿತ್ತು. ಅದನ್ನು ಅವಕ್ಕೆ ಯಾರೂ ಕಲಿಸಿರಲಿಲ್ಲ. ಬದುವಿನ ಮೇಲೆ ಕೂತಿದ್ದ ಬೆಳ್ಳಕ್ಕಿಗಳು ಹಾರಲಿಲ್ಲ, ಅಲ್ಲಾಡಲೂ ಇಲ್ಲ.

"ಗುರ್‍ಯಾ! ನಿಂದ್ರಲೇ! ನಿಂದ್ರು ಮಗನ!" ಎಂದು ಒದರಿದೆ.

ಒದರಿದ ಮೇಲೆ ನನ್ನ ಬಾಯಿಂದ ಬಂದದ್ದು ಏನೆಂದು ತಿಳಿಯಿತು. ನಿಂತರೆ ಮುಗೀತು. ನಾನೇ ಅವನನ್ನು ನಿಲ್ಲು ಅನ್ನುತ್ತಿದ್ದೆ.

ಅವನು ನಿಲ್ಲಲಿಲ್ಲ. ಬೆನ್ನ ಹಿಂದಿನಿಂದ ಬಂದ ಕರೆ ಅದು. ಚರಗವನ್ನು ಬಯ್ಯುವ ಅಣ್ಣನ ದನಿ ಚರಗದ ಹೊತ್ತಿನಲ್ಲಿ ಕೇಳಿದರೆ ಅದು ಅಣ್ಣನದಲ್ಲ ಎಂದೇ ಅವನು ತಿಳಿದಿರಬೇಕು. ಬುಟ್ಟಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು ತಲೆ ತಗ್ಗಿಸಿ ನಡೆದ.

"ಜಾಕೀಟ್ ತಗೀಲೇ! ತಗದ್ ಒಗಿ!" ಎಂದೆ. ಕೇಳಿಸಿಕೊಳ್ಳಲಿಲ್ಲ. ಹೆಸರು ಹಿಡಿದು ಬಯ್ದೆ. ಬರಬಾರದ ಬೈಗುಳ ಬಯ್ದೆ. ಸಾಬವ್ವನನ್ನು ಕೂಗಿದೆ. ಅವಳು ತಂಬಿಗೆಯನ್ನು ಎದೆಗೆ ಅವಚಿಕೊಂಡಳು. ಆದರೆ ಅವಳೂ ತಿರುಗಲಿಲ್ಲ.

ಮುಂದೆ ಮೂರನೆಯ ಮೂಲೆ. ಅಲ್ಲಿ ಅವನು ನಿಲ್ಲುತ್ತಾನೆ. ಐದು ತುತ್ತು ಚೆಲ್ಲುವಷ್ಟು ಹೊತ್ತು. ಅಲ್ಲಿಗೆ ಓಡಿದರೂ ಅವನಿಗಿಂತ ಮೊದಲು ಮುಟ್ಟುವುದಿಲ್ಲ ಎಂದು ಕಣ್ಣಿಗೇ ತಿಳಿಯುತ್ತಿತ್ತು.

ನಾನು ಅವ್ವನ ಕಡೆ ತಿರುಗಿದೆ.

"ಯವ್ವಾ, ಮಾತು ಮುಗ್ಸು. ಹೊಟ್ಟಿ ತುಂಬೇದ ಅನ್ನು. ಈಗ ಅನ್ನು."

ಅವ್ವ ಮುದುಕಿ. ಅಷ್ಟು ದೂರ ಕಣ್ಣು ಕಾಣುವುದಿಲ್ಲ. "ಇನ್ನಾ ಅರ್ಧಾ ಹೊಲ ಉಪವಾಸ ಅದ. ಉಣಲಾರದ್ದಕ್ಕ ಉಂಡದ ಅಂತ ಹ್ಯಾಂಗ ಸುಳ್ಳ ಹೇಳ್ಲಿ? ನೀ ನಗಾಡಾಕ ಬಂದೀ ಏನು?"

"ಅವ ಆ ಮೂಲ್ಯಾಗ ನಿಂತ್ರ ಸಾಯ್ತಾನ."

"ಯಾರು ಕೊಲ್ತಾರ?"

"ನಾ ಮಾಡಿದ್ದು ಕೊಲ್ತದ, ಯವ್ವಾ. ಅವನ ಬೆನ್ನ ಹಿಂದ ಬಂದದ."

ನಾನು ಕಲ್ಲುಗಳ ಮುಂದೆ ಮೊಣಕಾಲೂರಿದೆ. ಎರಡೂ ಕೈ ಜೋಡಿಸಿದೆ. ಅವ್ವನಿಗೋ ಕಲ್ಲಿಗೋ ನನಗೆ ಗೊತ್ತಿಲ್ಲ. ಅವ್ವ ನನ್ನ ಕೈಗಳನ್ನು ನೋಡಿದಳು. ಆ ಕೈಗಳು ಆ ಕಲ್ಲುಗಳ ಮುಂದೆ ಕೂಡಿದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಎದ್ದು ನಿಂತಳು. ಸೆರಗು ಬಿಗಿದಳು.

"ಹೊಟ್ಟಿ ತುಂಬೇದೋ! ಹೊದಿಕಿ ಹಾಕೋ!"

ಆ ವಯಸ್ಸಿನಲ್ಲಿ ಅಷ್ಟು ದೊಡ್ಡ ದನಿ ಎಲ್ಲಿಂದ ಬಂತೋ. ಗುರಣ್ಣನ ತಲೆ ಎದ್ದಿತು. ಅವನಿಗೆ ಗೊಂದಲವಾಯಿತು. ಹೆಜ್ಜೆ ಸಣ್ಣದಾಯಿತು. ಡ್ರೋನುಗಳು ಒಟ್ಟಿಗೆ ಒಂದು ಮೊಳ ಮೇಲೆದ್ದವು. "ನಿಲ್ಲಾಕ ಹತ್ಯಾನ, ಯವ್ವಾ!" ಎಂದೆ.

"ಹೊದಿಕಿ ಹಾಕಿ ನಡಿ!" ಎಂದು ಅವ್ವ ಮತ್ತೆ ಕೂಗಿದಳು. "ನಿಮ್ಮಪ್ಪ ನಡದಂಗ ನಡಿ!"

ಅವನು ನಡೆಯುತ್ತಲೇ ಬುಟ್ಟಿಯನ್ನು ಕೈ ಬದಲಿಸಿ ಒಂದು ತೋಳು ತೆಗೆದ, ಇನ್ನೊಂದು ತೋಳು ತೆಗೆದ. ಜಾಕೀಟು ಬದುವಿನ ಮೇಲೆ ಬಿತ್ತು. ಸಾಬವ್ವ ಅದನ್ನು ಬಳಸಿ ಹೋದಳು. ಇಬ್ಬರೂ ನಡೆದರು.

ಡ್ರೋನುಗಳು ಮುಂದೆ ಹೋಗಲಿಲ್ಲ. ಬಿದ್ದಿದ್ದ ಜಾಕೀಟಿನ ಮೇಲೆ ಗುಂಪಾಗಿ ನಿಂತವು. ಮೇಲೆದ್ದವು. ಬಿದ್ದವು. ಒಂದೊಂದಕ್ಕೂ ಒದ್ದೆ ಮಣ್ಣಿಗೆ ಸಲಿಕೆ ಹಾಕಿದಂಥ ಸದ್ದು. ಕೊನೆಯ ಸದ್ದು ನಿಂತ ಮೇಲೆ ಬೆಳ್ಳಕ್ಕಿಗಳು ಹಾರಿದವು. ಗುರಣ್ಣ ಮತ್ತು ಸಾಬವ್ವ ಬದು ಹಿಡಿದು ನಮ್ಮ ಕಡೆ ಬಂದರು. ಕಲ್ಲು ಮುಟ್ಟಿದ ಮೇಲೆಯೇ ಅವನು ತಿರುಗಿ ನೋಡಿದ್ದು. ನೋಡಿ, ಅಲ್ಲೇ ಕೂತುಬಿಟ್ಟ.

ನಾನು ಅವನ ಕಪಾಳಕ್ಕೆ ಒಂದು ಬಾರಿಸಿದೆ. ಆಮೇಲೆ ತಬ್ಬಿಕೊಂಡೆ.

ಫೋನು ಮಾಡಿದ್ದಕ್ಕೆ ಮೃಣಾಲಿನಿ ಜೀಪಿನಲ್ಲಿ ಧಾವಿಸಿ ಬಂದರು. ಕರಿಮಣ್ಣಿನಲ್ಲಿ ಮೊಳಕೈ ಆಳಕ್ಕೆ ಇಳಿದಿದ್ದ ಕಬ್ಬಿಣವನ್ನು ನೋಡಿ ಅವರು ಅಲ್ಲೇ ಕುಕ್ಕರಗಾಲಲ್ಲಿ ಕೂತರು. ಜಾಕೀಟಿನ ಚೂರುಗಳನ್ನು ಮಣ್ಣಿನಿಂದ ಎಳೆದೆಳೆದು ತೆಗೆದರು.

"ಎಲ್ಲಾ ಬಂದ್ ಮಾಡಿ ಹೋಗಿದ್ದೆ," ಎಂದರು. "ನಾನ ಕರೆಂಟ್ ತಗದಿದ್ದೆ."

"ಮತ್ತ ಮುಚ್ಚಳ ಹ್ಯಾಂಗ ತೆರೀತ್ರಿ?"

"ಅದ ನನಗೂ ತಿಳಿವಲ್ದು."

"ತಿಳಿಲಾರದ್ದನ್ನ ಸಮುದ್ರಕ್ಕ ಬಿಡ್ತೀರಿ ಏನು?" ಎಂದು ನಾನು ಜೋರು ಮಾಡಿದೆ. ಅವರು ಗುರಣ್ಣನ ಮುಂದೆ ತಪ್ಪಾಯ್ತು ಅಂದರು. ಆ ಸಂಜೆ ನನ್ನ ಕಣ್ಣ ಮುಂದೆಯೇ ಎಲ್ಲ ಬ್ಯಾಟರಿಗಳನ್ನು ಬಿಚ್ಚಿ ಜೀಪಿಗೆ ಹಾಕಿಸಿದರು. ಉಳಿದ ಡ್ರೋನುಗಳನ್ನೂ ಒಯ್ದರು. ಹಡಗಿನಲ್ಲಿ ಉಳಿದದ್ದು ಬರೀ ಖಾಲಿ ಕಂಟೇನರು. ಮುಚ್ಚಳಗಳನ್ನು ನಾನೇ ವೆಲ್ಡ್ ಮಾಡಿ ಮುಚ್ಚಿದೆ.

ಮನೆಗೆ ಬರುವಾಗ ಗುರಣ್ಣ ನನ್ನ ಪಕ್ಕಕ್ಕೆ ಬಂದ. ಆಮೇಲೆ ಹೇಳಿದ:

"ನೀ ಒದರಿದ್ದು ಕೇಳ್ತು, ಅಣ್ಣ."

"ಕೇಳಿದ್ರ ಯಾಕ ತಿರುಗಲಿಲ್ಲ, ಕತ್ತೆ?"

"ಅದಕ್ಕಿಂತ ಮೊದ್ಲ ಒಂದ್ಸಲ ಕರದ್ಯಲ್ಲ. ಹಳ್ಳದ ಬದುವಿನ ಮ್ಯಾಲೆ. ನನ್ನ ಕಿವಿ ಹತ್ರ. 'ಗುರಣ್ಣ, ಸ್ವಲ್ಪ ನಿಂದ್ರಪ್ಪ, ಇತ್ತ ನೋಡು' ಅಂತ. ಭಾಳ ಮೆತ್ತಗ. ನನಗ ಆಗ್ಲೇ ಗೊತ್ತಾತು. ನೀ ಹುಟ್ಟಿದಾಗಿಂದ ಯಾರನ್ನೂ ಅಷ್ಟು ಮೆತ್ತಗ ಕರದವ ಅಲ್ಲ."

ನಾನು ಕರೆದಿರಲಿಲ್ಲ. ಆಗ ನಾನಿನ್ನೂ ಹೊಲಕ್ಕೇ ಬಂದಿರಲಿಲ್ಲ.

ಸಾಬವ್ವ ಮುಂದೆ ನಡೆಯುತ್ತಿದ್ದವಳು ನಿಂತು, "ನನಗೂ ಕೇಳ್ತು ಭಾವಾರ," ಎಂದಳು. "ನನಗ ನಮ್ಮ ತಾಯಿ ದನಿ."

ಅವಳ ತಾಯಿ ತೀರಿಹೋಗಿ ಬಹಳ ದಿನವಾಗಿದೆ.

ಮರುದಿನ ಬೆಳಿಗ್ಗೆ ಅವ್ವ ಮತ್ತೆ ರೊಟ್ಟಿ ಬಡಿದಳು. ಅರ್ಧ ಹೊಲ ಉಪವಾಸವಿದೆ, ಸುಳ್ಳು ಹೇಳಿಸಿದವನು ನೀನು, ಎಂದಳು. ಸಾಬವ್ವನಿಗೆ ಜ್ವರ. ತಂಬಿಗೆ ಹಿಡಿಯಲು ಯಾರೂ ಇಲ್ಲ. ನಾನು ಹಿಡಿದೆ. 

ಜಾಕೀಟು ಬಿದ್ದ ಜಾಗದಿಂದ ಶುರು ಮಾಡಿದೆವು. ಗುರಣ್ಣ ಮುಂದೆ, ಹರಕು ಕಂಬಳಿ ಹೊದ್ದು. ನಾನು ಹಿಂದೆ. ಎಳೆ ಬಿಸಿಲು, ಜೋಳದ ಮೇಲೆ ಮಂಜಿನ ಹನಿ. ಅವನು "ಹುಲ್ಲುಲ್ಲಿಗೋ" ಅಂದ. ನನ್ನ ನಾಲಿಗೆ ಮೊದಲು ಹೊರಳಲಿಲ್ಲ. ಆಮೇಲೆ "ಚಲ್ಲಂಬ್ರಿಗೋ" ಅಂದೆ. ನೀರು ಹಾಕಿದೆ. ಮೂರನೆಯ ಮೂಲೆಯಲ್ಲಿ ಅವನು ನಿಂತ. ನಾನೂ ನಿಂತೆ. ಐದು ತುತ್ತು ಬಿದ್ದವು. ಏನೂ ಆಗಲಿಲ್ಲ. ಹಳ್ಳದ ಆಚೆ ಖಾಲಿ ಹಡಗು ಬಿಸಿಲಿಗೆ ಹೊಳೆಯುತ್ತಿತ್ತು.

ಅಲ್ಲಿಂದ ನಾಲ್ಕನೆಯ ಮೂಲೆಯ ಕಡೆ ಹೊರಟೆವು. ಈಗ ಹಳ್ಳಕ್ಕೆ ನಮ್ಮ ಬೆನ್ನು. ನಾಲ್ಕು ಹೆಜ್ಜೆ ಹೋಗಿರಬಹುದು. ನನ್ನ ಕತ್ತಿನ ಹಿಂದೆ ಗಾಳಿ ಆಡಿದಂತಾಯಿತು. ಜೋಳದ ಒಂದು ಗರಿಯೂ ಅಲುಗಲಿಲ್ಲ.

"ಅಣ್ಣಾ," ಎಂದಿತು ಗುರಣ್ಣನ ದನಿ, ಕಿವಿಯ ಹತ್ತಿರ, ಬಹಳ ಮೆತ್ತಗೆ. "ಸ್ವಲ್ಪ ನಿಂದ್ರು. ಇತ್ತ ನೋಡು."

ಗುರಣ್ಣ ನನ್ನ ಮುಂದಿದ್ದ. ಅವನ ಬೆನ್ನು ನನಗೆ ಕಾಣುತ್ತಿತ್ತು. ಅವನ ಬಾಯಿ ಮುಚ್ಚಿತ್ತೋ ತೆರೆದಿತ್ತೋ ಕಾಣಲಿಲ್ಲ. ಅವನ ಕೈ ಬುಟ್ಟಿಯಿಂದ ಒಂದು ತುತ್ತು ತೆಗೆಯಿತು.

"ಹುಲ್ಲುಲ್ಲಿಗೋ," ಎಂದು ಅವನು ಗಟ್ಟಿಯಾಗಿ ಕೂಗಿದ.

ನಾನು ನನ್ನ ಜನ್ಮದಲ್ಲಿ ಯಾವ ಮೇಸ್ತ್ರಿಗೂ ಒದರದಷ್ಟು ಜೋರಾಗಿ "ಚಲ್ಲಂಬ್ರಿಗೋ" ಎಂದು ಒದರಿದೆ. ನೀರು ಹಾಕಿದೆ. ತಿರುಗಿ ನೋಡದೆ ತಮ್ಮನ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟೆ. ನಿಲ್ಲಲಿಲ್ಲ.